ಡಿಗ್ರಿ ವಿದ್ಯಾರ್ಥಿಗಳ ಇಂಗ್ಲಿಷ್ ಬರವಣಿಗೆ: ಬಿ1 ಯಾವುದು, ಬಿ2 ಯಾವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಜಿಲ್ಲಾ ಕೇಂದ್ರವೊಂದರ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವನು ನಾನು. ವಿದೇಶಕ್ಕೆ ಹೊರಟ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು, ಬೇರೆ ಕಾಲೇಜಿನ ಮೇಷ್ಟ್ರುಗಳು ಎಲ್ಲರೂ ಸುತ್ತಿ ಬಳಸಿ ಕೇಳುವುದು ಒಂದೇ: ‘ನಮ್ಮ ಹುಡುಗರ ಇಂಗ್ಲಿಷ್ ಬರವಣಿಗೆ ಅಂತರರಾಷ್ಟ್ರೀಯ ಲೆಕ್ಕದಲ್ಲಿ ಎಲ್ಲಿದೆ?’ ಫೋನಿನಲ್ಲಿ, ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಈ ಎ1, ಬಿ2, ಸಿ1 ಅಂದರೆ ಏನು? ಯಾರು ಮಾಡಿದ್ದು?

ಇದರ ಹೆಸರು ಸಿಇಎಫ್‌ಆರ್ (ಕಾಮನ್ ಯುರೋಪಿಯನ್ ಫ್ರೇಮ್‌ವರ್ಕ್ ಆಫ್ ರೆಫರೆನ್ಸ್), ಒಂದು ಭಾಷೆ ಎಷ್ಟು ಬರುತ್ತದೆ ಅಂತ ಹೇಳುವ ಅಳತೆ. ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಚೌಕಟ್ಟು. ಈ ಸಂಸ್ಥೆಯನ್ನು ಯುರೋಪಿಯನ್ ಯೂನಿಯನ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದು ಬೇರೆ. ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಆರು ಮೆಟ್ಟಿಲು. 2020ರ ಪೂರಕ ಸಂಪುಟದಲ್ಲಿ ಎ1ಗಿಂತಲೂ ಕೆಳಗೆ ಒಂದು ಮೆಟ್ಟಿಲು ವಿವರಿಸಿದ್ದಾರೆ.

ಇದು ಇಂಗ್ಲಿಷಿಗೆ ಅಂತಲೇ ಮಾಡಿದ್ದಲ್ಲ. ಫ್ರೆಂಚ್, ಜರ್ಮನ್, ಯಾವ ಭಾಷೆಗೂ ಹಿಡಿಯಬಹುದು. ಇದು ಪರೀಕ್ಷೆಯೂ ಅಲ್ಲ. ‘ಸಿಇಎಫ್‌ಆರ್ ಪರೀಕ್ಷೆ ಕಟ್ಟಿದ್ದೇನೆ’ ಅಂತ ಯಾರಾದರೂ ಹೇಳಿದರೆ, ಅವರು ಕಟ್ಟಿರುವುದು ಆ ಅಳತೆಗೆ ಹೊಂದಿಸಿದ ಬೇರೆ ಯಾವುದೋ ಪರೀಕ್ಷೆ.

ಇದರ ಜೀವ ಇರುವುದು ‘ಇಂಥದ್ದನ್ನು ಮಾಡಬಲ್ಲ’ ಎನ್ನುವ ವಾಕ್ಯಗಳಲ್ಲಿ. ಎಷ್ಟು ತಪ್ಪು ಮಾಡಿದ ಅಂತ ಎಣಿಸುವುದಿಲ್ಲ. ಭಾಷೆ ಹಿಡಿದು ಏನು ಕೆಲಸ ಮಾಡಿ ಮುಗಿಸಬಲ್ಲ ಅಂತ ನೋಡುತ್ತದೆ. ಕೆಂಪು ಪೆನ್ನು ಹಿಡಿದೇ ಬೆಳೆದ ನಮ್ಮಂಥ ಮೇಷ್ಟ್ರುಗಳಿಗೆ ಇದು ಅಷ್ಟು ಸುಲಭಕ್ಕೆ ಒಗ್ಗುವುದಿಲ್ಲ.

ಆ ವಾಕ್ಯಗಳನ್ನು ಸುಮ್ನೆ ಕೂತು ಬರೆದರಾ?

ಇಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹತ್ತಿರ ಹತ್ತಿರ 300 ಮೇಷ್ಟ್ರುಗಳು, 2,800ರಷ್ಟು ಕಲಿಯುವವರು ಸೇರಿ ಈ ವಾಕ್ಯಗಳನ್ನು ತೂಗಿ ನೋಡಿದ್ದರು. ಯಾವುದು ಸುಲಭ, ಯಾವುದು ಕಷ್ಟ ಅಂತ ಅಂಕಿಅಂಶದ ವಿಧಾನದಲ್ಲಿ ಸಾಲಾಗಿ ಜೋಡಿಸಿದರು. ಆದರೆ ಒಂದು ಗುಟ್ಟಿದೆ. ಹಾಗೆ ತೂಗಿದ್ದರಲ್ಲಿ ಮಾತಿಗೆ ಸಂಬಂಧಿಸಿದ್ದೇ ಜಾಸ್ತಿ. ಪ್ರಬಂಧ, ವರದಿ ಬರೆಯುವುದರ ವಿವರಣೆಗಳನ್ನು ಹಾಗೆ ತೂಗಿಲ್ಲ, ಬೇರೆ ಪಟ್ಟಿಗಳ ತುಣುಕು ಜೋಡಿಸಿ ಮಾಡಿದ್ದು ಅಂತ 2001ರ ಪುಸ್ತಕವೇ ಒಪ್ಪಿಕೊಂಡಿದೆ. ಹಾಗಾಗಿ ಬರವಣಿಗೆಗೆ ಮಟ್ಟ ಕೊಡುವಾಗ ಪುಸ್ತಕವನ್ನು ವೇದವಾಕ್ಯ ಅಂತ ಹಿಡಿಯಬೇಡಿ.

ಬರವಣಿಗೆಯಲ್ಲಿ ಒಂದೊಂದು ಮಟ್ಟ ಹೇಗೆ ಕಾಣುತ್ತದೆ?

ಎ1 ಅಂದರೆ ಫಾರ್ಮಿನಲ್ಲಿ ಹೆಸರು, ಊರು, ವಯಸ್ಸು ತುಂಬುವುದು, ಒಂದೆರಡು ಬಿಡಿ ವಾಕ್ಯ. ಎ2ನಲ್ಲಿ ಚಿಕ್ಕ ಸಂದೇಶ ಬರೆಯಬಹುದು. ವಾಕ್ಯಗಳ ಮಧ್ಯೆ ಆಂಡ್, ಬಟ್, ಬಿಕಾಸ್ ಇರುತ್ತದೆ, ಅದಕ್ಕಿಂತ ಮುಂದೆ ಹೋಗುವುದಿಲ್ಲ. ಬಿ1ನವನು ತನಗೆ ಗೊತ್ತಿರುವ ವಿಷಯವನ್ನು ಒಂದರ ಹಿಂದೊಂದು ಜೋಡಿಸಿ, ಓದುವವರಿಗೆ ಅರ್ಥವಾಗುವಂತೆ ಹೇಳುತ್ತಾನೆ.

ಬಿ1ರಿಂದ ಬಿ2ಗೆ ಹೋಗುವಾಗ ದೊಡ್ಡ ಜಿಗಿತ ಇದೆ. ಬಿ2ನಲ್ಲಿ ಒಂದು ಅಭಿಪ್ರಾಯದ ಪರ ಅಥವಾ ವಿರೋಧ ಕಾರಣ ಕೊಟ್ಟು ಬರೆಯಬೇಕು. ತಪ್ಪು ಇರಬಹುದು, ಆದರೆ ಅಪಾರ್ಥ ಹುಟ್ಟಿಸುವ ತಪ್ಪು ಇರಬಾರದು. ತಾನು ಮಾಡಿದ ತಪ್ಪನ್ನು ಬಹುಪಾಲು ತಾನೇ ತಿದ್ದಿಕೊಳ್ಳಬೇಕು. ಸಿ1ನಲ್ಲಿ ವಿಷಯ ತೊಡಕಿನದು, ಮತ್ತು ಯಾರು ಓದುತ್ತಾರೆ ಅನ್ನುವುದನ್ನು ನೋಡಿಕೊಂಡು ಧಾಟಿ ಬದಲಾಗುತ್ತದೆ. ಪ್ರಿನ್ಸಿಪಾಲರಿಗೆ ಬರೆಯುವ ಕಾಗದ ಬೇರೆ, ಗೆಳೆಯನಿಗೆ ಬರೆಯುವುದು ಬೇರೆ ಅನ್ನುವ ಅರಿವು ಪ್ರತಿ ವಾಕ್ಯದಲ್ಲೂ ಕಾಣುತ್ತದೆ. ಸಿ2 ಬಗ್ಗೆ ನಾವು ಸದ್ಯಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ನಾನು ಸಿ2 ಹೌದೋ ಅಲ್ಲವೋ ಅಂತ ನನಗೇ ಅನುಮಾನ.

ಇಂಗ್ಲಿಷ್ ಪೇಪರಿನಲ್ಲಿ 80 ಬಂದಿದೆ. ಅಂದ್ರೆ ನಾನು ಬಿ2 ಅಲ್ವಾ?

ಹೇಳಲು ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಕಾರಣ ಹೇಳುತ್ತೇನೆ.

ನಮ್ಮ ಸೆಮಿಸ್ಟರ್ ಪರೀಕ್ಷೆಯ ಇಂಗ್ಲಿಷ್ ಪೇಪರಿನಲ್ಲಿ ಪಾಠದ ಮೇಲೆ ಪ್ರಶ್ನೆ ಜಾಸ್ತಿ. ಪದ್ಯದ ಸಾರಾಂಶ, ಕಥೆಯ ಪಾತ್ರ, ಇಂಥವು. ಗೈಡ್ ಓದಿ, ಉರು ಹೊಡೆದು, ಕಕ್ಕಿದರೆ ಅಂಕ ಬರುತ್ತದೆ. ಪತ್ರ ಬರೆಯುವ ಪ್ರಶ್ನೆಯೂ ಅಷ್ಟೇ. ಯಾವ ಪತ್ರ ಬರಬಹುದು ಅಂತ ಎಲ್ಲರಿಗೂ ಮೊದಲೇ ಅಂದಾಜು. ವ್ಯಾಲ್ಯುಯೇಶನ್‌ಗೆ ಕೂತಾಗ ‘ಪೊಲ್ಯೂಶನ್ ಈಸ್ ಅ ಬರ್ನಿಂಗ್ ಪ್ರಾಬ್ಲಂ ಆಫ್ ದ ಡೇ’ ಅಂತ ಶುರುವಾಗುವ ಪ್ರಬಂಧವನ್ನು ಒಂದೇ ಬಂಡಲಿನಲ್ಲಿ ಒಂಬತ್ತು ಸಲ ಓದಿದ್ದೇನೆ. ಒಂಬತ್ತರಲ್ಲೂ ಅದೇ ಉಪಮೆ, ಅದೇ ಕೊನೆ ವಾಕ್ಯ. ಸ್ಕೀಮ್ ಪ್ರಕಾರ ಅಂಕ ಕೊಡಲೇಬೇಕು, ಕೊಟ್ಟೆ. ಆದರೆ ಆ ಒಂಬತ್ತು ಜನರಲ್ಲಿ ಯಾರಿಗೆ ಬರೆಯಲು ಬರುತ್ತದೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಬಾಯಿಪಾಠದ ಪ್ರಬಂಧಕ್ಕೆ ಮಟ್ಟ ಕೊಟ್ಟರೆ ಅದು ಗೈಡ್ ಬರೆದವರ ಮಟ್ಟ, ಹುಡುಗನದಲ್ಲ.

ಆ 80ಕ್ಕೆ ಬೆಲೆ ಇಲ್ಲ ಅಂತ ಅಲ್ಲ. ಪಾಠ ಓದಿದ್ದಾನೆ, ನೆನಪಿಟ್ಟಿದ್ದಾನೆ ಅಂತ ಅದು ಹೇಳುತ್ತದೆ. ಬಿ2 ಕೇಳುವ ಪ್ರಶ್ನೆ ಬೇರೆ: ಮೊದಲ ಸಲ ನೋಡಿದ ವಿಷಯದ ಮೇಲೆ, ಯಾರ ಸಹಾಯವೂ ಇಲ್ಲದೆ, ಈಗಲೇ ಏನು ಬರೆಯಬಲ್ಲೆ?

ಒಂದು ನಿಜವಾದ ಬರಹ ತೋರಿಸಿ ಮಟ್ಟ ಹೇಳಿ, ನೋಡೋಣ.

ಆಗಲಿ. ಬಿಎ ಎರಡನೇ ಸೆಮಿಸ್ಟರಿನ ಹುಡುಗಿ ಕ್ಲಾಸಿನಲ್ಲಿ ಬರೆದದ್ದು. ಬಸ್ಸಿನ ಟೈಮ್ ಬದಲಿಸಲು ಕೇಳಿ ಪ್ರಿನ್ಸಿಪಾಲರಿಗೆ ಪತ್ರ ಬರೆಯಿರಿ ಅಂದಿದ್ದೆ:

‘ರೆಸ್ಪೆಕ್ಟೆಡ್ ಸರ್, ವಿ ಆರ್ ಕಮಿಂಗ್ ಫ್ರಮ್ ವಿಲೇಜ್. ಮಾರ್ನಿಂಗ್ ಬಸ್ ಈಸ್ ಕಮಿಂಗ್ ನೈನ್ ಥರ್ಟಿ ಓನ್ಲಿ. ಸೋ ವಿ ಆರ್ ಮಿಸ್ಸಿಂಗ್ ಫಸ್ಟ್ ಅವರ್ ಡೈಲಿ. ಇಫ್ ಬಸ್ ಕಮ್ ಅಟ್ ಏಯ್ಟ್ ಥರ್ಟಿ ಮೀನ್ಸ್ ವಿ ಕ್ಯಾನ್ ಅಟೆಂಡ್. ಡ್ರೈವರ್ ಟೋಲ್ಡ್ ಐ ವಿಲ್ ಕಮ್ ಅರ್ಲಿ ಬಟ್ ಡಿಪೋ ಪೀಪಲ್ ಆರ್ ನಾಟ್ ಅಲೋಯಿಂಗ್. ಕೈಂಡ್ಲಿ ಡು ದ ನೀಡ್‌ಫುಲ್.’

ಮೊದಲು ಕೆಂಪು ಪೆನ್ನು ಕೆಳಗಿಡಿ. ಕೆಲಸ ಆಯಿತಾ ನೋಡಿ. ಯಾರು ಬರೆದಿದ್ದಾರೆ, ಏನು ತೊಂದರೆ, ಏನಾಗಬೇಕು, ಅಡ್ಡಿ ಎಲ್ಲಿದೆ, ಎಲ್ಲ ಗೊತ್ತಾಯಿತು. ಒಂದರ ಹಿಂದೊಂದು ಸರಿಯಾಗಿ ಬಂದಿದೆ. ಯಾವ ಗೈಡಿನಲ್ಲೂ ಈ ಡ್ರೈವರ್ ಇಲ್ಲ. ವಿಷಯ, ಜೋಡಣೆ ನೋಡಿದರೆ ಬಿ1.

ಇನ್ನು ಭಾಷೆ. ‘ಬಸ್’ ಪದಕ್ಕೆ ಮೊದಲು ‘ದ’ ಇಲ್ಲ. ‘ಕಮ್’ಗೆ ಎಸ್ ಇಲ್ಲ. ದಿನಾ ನಡೆಯುವುದಕ್ಕೂ ‘ಈಸ್ ಕಮಿಂಗ್’. ಇವು ಯಾವುದೂ ಅರ್ಥ ಕೆಡಿಸಲಿಲ್ಲ. ಆದರೆ ‘ಡ್ರೈವರ್ ಟೋಲ್ಡ್ ಐ ವಿಲ್ ಕಮ್’ ನೋಡಿ. ಕನ್ನಡ ಬಾರದವರು ಓದಿದರೆ ಬರುವವಳು ಹುಡುಗಿಯೋ ಡ್ರೈವರೋ ಅಂತ ಒಂದು ಕ್ಷಣ ತಡವರಿಸುತ್ತಾರೆ. ವ್ಯಾಕರಣಕ್ಕೆ ಎ2ರ ಮೇಲ್ತುದಿ ಅನ್ನುತ್ತೇನೆ.

ಒಟ್ಟಿಗೆ ಎಷ್ಟು? ನಾನು ಬಿ1 ಕೊಟ್ಟೆ, ಈಗ ತಾನೇ ಮೆಟ್ಟಿಲು ಹತ್ತಿದ ಬಿ1. ಪಕ್ಕದ ಮೇಡಂ ಎ2 ಅಂದರು. ಅರ್ಧ ಗಂಟೆ ವಾದ ಮಾಡಿದೆವು. ಅದೇ ಅರ್ಧ ಗಂಟೆ ನಮಗೆ ಮಟ್ಟದ ಬಗ್ಗೆ ಯಾವ ವರ್ಕ್‌ಶಾಪಿಗಿಂತ ಜಾಸ್ತಿ ಕಲಿಸಿತು.

ಕನ್ನಡದ ನೆರಳು ಬಿದ್ದ ಇಂಗ್ಲಿಷ್ ಎಲ್ಲಾ ತಪ್ಪೇನಾ?

ನೆರಳು ಎಲ್ಲಿಂದ ಬೀಳುತ್ತದೆ ಅಂತ ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ‘ಒಂಬತ್ತೂವರೆಗೇ’ ಅನ್ನುವ ಆ ‘ಏ’ಕಾರವೇ ‘ನೈನ್ ಥರ್ಟಿ ಓನ್ಲಿ’ ಆಗಿದೆ. ‘ಬಂದರೆ ಅಂದ್ರೆ’ ಅನ್ನುವುದೇ ‘ಇಫ್ ಬಸ್ ಕಮ್ ಮೀನ್ಸ್’. ‘ಬರ್ತೀನಿ ಅಂದ’ ಅಂತ ನಾವು ಅವನ ಮಾತನ್ನು ಹಾಗೇ ಇಡುತ್ತೇವೆ. ಇಂಗ್ಲಿಷಿನಲ್ಲಿ ‘ನಾನು’ ಹೋಗಿ ‘ಅವನು’ ಆಗಬೇಕು, ಕಾಲವೂ ಬದಲಾಗಬೇಕು. ‘ಎರಡು ಪುಸ್ತಕ’ ಅಂದರೆ ನಮಗೆ ಸಾಕು, ‘ಗಳು’ ಬೇಕಿಲ್ಲ. ಅದಕ್ಕೇ ‘ಟೂ ಬುಕ್’. ಎ, ಆನ್, ದ ಅಂತೂ ಕೇಳಲೇಬೇಡಿ. ಕನ್ನಡದಲ್ಲಿ ಇಲ್ಲದ ಸಾಮಾನು ಅದು.

ಮಟ್ಟ ಕೊಡುವಾಗ ನಾನು ಕೇಳಿಕೊಳ್ಳುವುದು ಒಂದೇ. ಕನ್ನಡ ಗೊತ್ತಿಲ್ಲದ, ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಕೀನ್ಯಾದವನೋ ಪೋಲೆಂಡಿನವನೋ ಇದನ್ನು ಓದಿದರೆ ಎಲ್ಲಿ ನಿಲ್ಲುತ್ತಾನೆ? ‘ದ’ ಬಿಟ್ಟುಹೋದಲ್ಲಿ ನಿಲ್ಲುವುದಿಲ್ಲ. ‘ಮೀನ್ಸ್’ ಹತ್ತಿರ ನಿಲ್ಲುತ್ತಾನೆ. ಕನ್ನಡ ಬಲ್ಲ ನಾವು ಮೇಷ್ಟ್ರುಗಳು ಅಲ್ಲಿ ನಿಲ್ಲುವುದೇ ಇಲ್ಲ, ಏಕೆಂದರೆ ತಲೆಯಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತೇವೆ. ಹಾಗಾಗಿ ನಮ್ಮ ಹುಡುಗರಿಗೆ ನಮಗೇ ಗೊತ್ತಿಲ್ಲದಂತೆ ಅರ್ಧ ಮೆಟ್ಟಿಲು ಜಾಸ್ತಿ ಕೊಟ್ಟಿರುತ್ತೇವೆ. ನಾನೂ ಕೊಟ್ಟಿದ್ದೇನೆ.

‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ‘ಡು ದ ನೀಡ್‌ಫುಲ್’ ಬರೆದರೆ ಅಂಕ ಹೋಗುತ್ತಾ?

ಇವು ತಪ್ಪಲ್ಲ, ಇಂಡಿಯಾದ ಇಂಗ್ಲಿಷ್. ಬ್ರಜ್ ಕಚ್ರು ಅವರಂಥ ವಿದ್ವಾಂಸರು 1980ರ ದಶಕದಲ್ಲೇ ಇಂಗ್ಲಿಷ್ ಒಂದಲ್ಲ, ಹಲವು ಅಂತ ವಾದಿಸಿದ್ದರು. ಸಿಇಎಫ್‌ಆರ್ ಕೂಡ 2020ರ ಸಂಪುಟದಲ್ಲಿ ವಿವರಣೆಗಳಿಂದ ‘ನೇಟಿವ್ ಸ್ಪೀಕರ್’ ಅನ್ನುವ ಮಾತನ್ನೇ ತೆಗೆದುಹಾಕಿತು. ಇಂಗ್ಲೆಂಡಿನವರ ಹಾಗೆ ಬರೆಯಬೇಕು ಅನ್ನುವುದು ಅಳತೆಗೋಲಲ್ಲ.

ಆದರೂ ಓದುವವರು ಯಾರು ಅಂತ ನೋಡಿ. ಬೆಂಗಳೂರಿನ ಕಚೇರಿಗೆ ‘ಪ್ರಿಪೋನ್’ ನಡೆಯುತ್ತದೆ. ಲೀಡ್ಸಿನ ಪ್ರೊಫೆಸರಿಗೆ ‘ಮೀಟಿಂಗನ್ನು ಮುಂಚಿತವಾಗಿ ಇಟ್ಟುಕೊಳ್ಳೋಣವಾ’ ಅನ್ನುವ ಅರ್ಥ ಬಿಡಿಸಿ ಬರೆಯುವುದೇ ಕ್ಷೇಮ.

ಒಂದೇ ಉತ್ತರಕ್ಕೆ ಇಬ್ಬರು ಬೇರೆ ಬೇರೆ ಅಂಕ ಕೊಡುತ್ತಾರೆ. ಇದನ್ನು ನಂಬುವುದು ಹೇಗೆ?

ಇದು ಇವತ್ತಿನ ತೊಂದರೆ ಅಲ್ಲ. 1961ರಲ್ಲಿ ಪರೀಕ್ಷೆಗಳನ್ನು ನಡೆಸುವ ಅಮೆರಿಕದ ಇಟಿಎಸ್ ಸಂಸ್ಥೆಯಲ್ಲಿ ಪಾಲ್ ಡೀಡರಿಕ್ ಮತ್ತು ಅವರ ಜೊತೆಗಾರರು ಒಂದು ಪ್ರಯೋಗ ಮಾಡಿದರು. 300 ಪ್ರಬಂಧ, 53 ಓದುಗರು. ಓದುಗರಲ್ಲಿ ಇಂಗ್ಲಿಷ್ ಮೇಷ್ಟ್ರುಗಳ ಜೊತೆ ವಕೀಲರು, ಪತ್ರಕರ್ತರಂಥವರೂ ಇದ್ದರು. ಪ್ರಬಂಧಗಳನ್ನು ಗುಣ ನೋಡಿ ಒಂಬತ್ತು ಗುಂಪು ಮಾಡಿ, ಹೇಗೆ ಅಳೆಯಬೇಕು ಅಂತ ನಾವು ಹೇಳುವುದಿಲ್ಲ, ನಿಮಗೆ ತೋಚಿದಂತೆ ಹಾಕಿ ಅಂದರು. ನೂರಕ್ಕೆ 94 ಪ್ರಬಂಧಗಳು ಒಂಬತ್ತರಲ್ಲಿ ಕನಿಷ್ಠ ಏಳು ಗುಂಪಿಗೆ ಬಿದ್ದವು! ಒಬ್ಬನಿಗೆ ಚಿನ್ನ, ಇನ್ನೊಬ್ಬನಿಗೆ ಕಸ. ಐದಕ್ಕಿಂತ ಕಡಿಮೆ ಗುಂಪಿಗೆ ಬಿದ್ದ ಪ್ರಬಂಧ ಒಂದೂ ಇರಲಿಲ್ಲ.

ನನ್ನದೇ ಒಂದು ಕಥೆ. ಬೆಳಗ್ಗೆ ತಿದ್ದಿದ ಒಂದು ಪ್ರಬಂಧ ಹೇಗೋ ಸಂಜೆಯ ಬಂಡಲಿಗೆ ಸೇರಿಕೊಂಡಿತು. ಅಂಕ ಬೇರೆ ಹಾಳೆಯಲ್ಲಿ ಇದ್ದದ್ದರಿಂದ ಗೊತ್ತಾಗಲಿಲ್ಲ. ಬೆಳಗ್ಗೆ 15ಕ್ಕೆ 11 ಕೊಟ್ಟಿದ್ದೆ. ಊಟವಾಗಿ, 40 ಪೇಪರ್ ನೋಡಿ ಸುಸ್ತಾದ ಮೇಲೆ ಅದಕ್ಕೇ 7. ಎರಡನೆಯವರು ಯಾಕೆ ಬೇಕು? ನಾನೊಬ್ಬನೇ ಇಬ್ಬರಾಗಿದ್ದೆ.

ಹಾಗಾದರೆ ಮೇಷ್ಟ್ರುಗಳು ಒಂದೇ ದಾರಿಗೆ ಬರುವುದು ಹೇಗೆ?

ದಾರಿ ಇದೆ, ಬೆವರು ಸುರಿಸಬೇಕು. ಕೌನ್ಸಿಲ್ ಆಫ್ ಯುರೋಪ್ 2009ರಲ್ಲಿ ಪರೀಕ್ಷೆಗಳನ್ನು ಈ ಚೌಕಟ್ಟಿಗೆ ಜೋಡಿಸುವ ಕೈಪಿಡಿ ತಂದಿತು. ಸಾರ ಇಷ್ಟು: ಮೊದಲು ವಿವರಣೆಗಳನ್ನು ಅರೆದು ಕುಡಿಯಿರಿ. ಆಮೇಲೆ ನಿಮ್ಮ ಪರೀಕ್ಷೆ ಏನು ಕೇಳುತ್ತದೆ ಅಂತ ಬರೆದಿಡಿ. ಎಲ್ಲರೂ ಕೂತು ಮಾದರಿ ಬರಹಗಳ ಮೇಲೆ ಒಮ್ಮತಕ್ಕೆ ಬನ್ನಿ. ಗೆರೆ ಎಲ್ಲಿ ಹಾಕಬೇಕು ಅಂತ ತೀರ್ಮಾನಿಸಿ. ಕೊನೆಗೆ ಆ ಗೆರೆ ಸರಿಯೋ ಅಂತ ಪರೀಕ್ಷಿಸಿ.

ನಮ್ಮಲ್ಲಿ ಮೂರನೆಯದೇ ಜೀವಾಳ. ಹತ್ತಿಪ್ಪತ್ತು ಬರಹ ಆರಿಸಿ, ಹೆಸರು ಮುಚ್ಚಿ, ಎಲ್ಲರಿಗೂ ಜೆರಾಕ್ಸ್ ಕೊಡಿ. ಮಾತಾಡದೆ ಮಟ್ಟ ಬರೆಯಲಿ. ಆಮೇಲೆ ಬೋರ್ಡಿನ ಮೇಲೆ ಹಾಕಿ. ಎಲ್ಲಿ ಜಗಳವೋ ಅಲ್ಲಿ ನಿಲ್ಲಿ. ಒಪ್ಪಿಗೆಯಾದ ಬರಹಗಳನ್ನು ‘ಇದು ನಮ್ಮ ಬಿ1, ಇದು ನಮ್ಮ ಬಿ2’ ಅಂತ ಫೈಲು ಮಾಡಿ. ಮುಂದೆ ತಿದ್ದುವಾಗ ಅನುಮಾನ ಬಂದರೆ ಪುಸ್ತಕ ನೋಡಬೇಡಿ, ಆ ಫೈಲು ನೋಡಿ. ಬಂಗಾರದ ಅಂಗಡಿಯಲ್ಲಿ ತೂಕದ ಬಟ್ಟು ಇಟ್ಟುಕೊಂಡ ಹಾಗೆ.

ನಾವಿಬ್ಬರೂ ನೂರಕ್ಕೆ 73ರಷ್ಟು ಒಪ್ಪುತ್ತೇವೆ. ಸಾಕಲ್ವಾ?

ಅಷ್ಟಕ್ಕೇ ಖುಷಿಪಡಬೇಡಿ. 30 ಬರಹ ಇದ್ದವು ಅಂದುಕೊಳ್ಳಿ. ನೀವೂ 20ಕ್ಕೆ ಬಿ1, 10ಕ್ಕೆ ಎ2 ಕೊಟ್ಟಿರಿ. ಅವರೂ ಅಷ್ಟೇ ಕೊಟ್ಟರು. 22ರಲ್ಲಿ ಇಬ್ಬರದೂ ಒಂದೇ ಉತ್ತರ. ಕೇಳಲು ಚೆನ್ನಾಗಿದೆ. ಆದರೆ ಇಬ್ಬರೂ ಬರಹ ಓದದೆ, ಕಣ್ಣು ಮುಚ್ಚಿ ಅದೇ ಪ್ರಮಾಣದಲ್ಲಿ ಹಂಚಿದ್ದರೂ ನೂರಕ್ಕೆ 55–56ರಷ್ಟು ತಾನಾಗೇ ಹೊಂದುತ್ತಿತ್ತು. ಅದೃಷ್ಟದ ಪಾಲು ಕಳೆದು ನೋಡುವ ಲೆಕ್ಕಕ್ಕೆ ಕಪ್ಪಾ ಅನ್ನುತ್ತಾರೆ. ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟದ್ದು. ಪೂರ್ತಿ ಒಪ್ಪಿದರೆ 1, ಬರೀ ಅದೃಷ್ಟವಾದರೆ 0. ಈ ಉದಾಹರಣೆಯಲ್ಲಿ ಅದು 0.40 ಅಷ್ಟೇ. ಇನ್ನೊಂದು ಸಲ ಜೆರಾಕ್ಸ್ ಹಂಚಿ ಕೂರಬೇಕಾದ ಸ್ಥಿತಿ.

ಒಟ್ಟಾಗಿ ಒಂದು ಅಂಕ ಕೊಡಬೇಕಾ, ಬಿಡಿ ಬಿಡಿಯಾಗಿ ಕೊಡಬೇಕಾ?

ಸಾವಿರ ಪೇಪರ್ ಇದ್ದರೆ ಒಟ್ಟಾಗಿ. ಕಲಿಸಲಿಕ್ಕೆ ಬೇಕಿದ್ದರೆ ಬಿಡಿಯಾಗಿ. 1981ರಲ್ಲಿ ಹಾಲಿ ಜೇಕಬ್ಸ್ ಮತ್ತು ಜೊತೆಗಾರರು ಮಾಡಿದ ಪಟ್ಟಿಯಲ್ಲಿ ವಿಷಯಕ್ಕೆ 30, ಜೋಡಣೆಗೆ 20, ಪದಸಂಪತ್ತಿಗೆ 20, ಭಾಷಾ ಬಳಕೆಗೆ 25, ಸ್ಪೆಲ್ಲಿಂಗ್ ಮತ್ತು ಚಿಹ್ನೆಗಳಿಗೆ 5. ಆ ಐದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಒಬ್ಬರು ಹಿರಿಯರು ಚಹಾ ಲೋಟ ಕೆಳಗಿಟ್ಟರು. ‘ಬರೀ ಐದಾ?’ ಅಂದರು. ಹೌದು, ಐದೇ. ನಾವು ಸ್ಪೆಲ್ಲಿಂಗಿಗೆ ಕೊಡುವ ಶಿಕ್ಷೆ ಅದರ ಐದು ಪಟ್ಟು.

ಬಸ್ಸಿನ ಪತ್ರದ ಹುಡುಗಿಗೆ ಒಟ್ಟು ಅಂಕ ಕೊಟ್ಟಿದ್ದರೆ ‘ಸುಮಾರು’ ಅನ್ನಿಸಿಕೊಳ್ಳುತ್ತಿದ್ದಳು. ಬಿಡಿಯಾಗಿ ಕೊಟ್ಟಾಗ ಅವಳ ವಿಷಯ ಮುಂದಿದೆ, ವ್ಯಾಕರಣ ಹಿಂದಿದೆ ಅಂತ ಅವಳಿಗೇ ಕಂಡಿತು.

ಎಂಥ ಪ್ರಶ್ನೆ ಕೊಡಬೇಕು? ಒಂದೇ ಪ್ರಬಂಧ ಸಾಕಾ?

ಸಾಲದು. ಒಬ್ಬನಿಗೆ ಕ್ರಿಕೆಟ್ ಗೊತ್ತು, ಇನ್ನೊಬ್ಬನಿಗೆ ಅಡಿಕೆ ತೋಟ ಗೊತ್ತು. ಒಂದೇ ವಿಷಯ ಕೊಟ್ಟರೆ ನೀವು ಅಳೆಯುವುದು ಇಂಗ್ಲಿಷನ್ನಲ್ಲ, ಆ ವಿಷಯದ ಜ್ಞಾನವನ್ನು. ಕನಿಷ್ಠ ಎರಡು ಬರಹ, ಎರಡು ಬಗೆಯವು. ಒಂದು ಕಾರಣ ಕೊಟ್ಟು ವಾದ ಮಾಡುವಂಥದ್ದು, ಇನ್ನೊಂದು ಮಾಹಿತಿ ತಿಳಿಸುವಂಥದ್ದು. ಪ್ರಶ್ನೆಯಲ್ಲಿ ಯಾರಿಗೆ, ಯಾಕೆ ಬರೆಯುತ್ತಿದ್ದೀರಿ ಅಂತ ಇರಲೇಬೇಕು. ‘ರೈಟ್ ಆನ್ ಎಸ್ಸೇ ಆನ್ ಪೊಲ್ಯೂಶನ್’ ಅಂದರೆ ಗೈಡೇ ಬರುತ್ತದೆ. ‘ನಿಮ್ಮ ಕಾಲೇಜಿನ ಹಿಂದಿನ ಚರಂಡಿ ಬಗ್ಗೆ ನಗರಸಭೆಗೆ ಬರೆಯಿರಿ, ಎರಡು ಪರಿಹಾರ ಹೋಲಿಸಿ’ ಅಂದರೆ ಯಾವ ಗೈಡೂ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಬಿ2 ಬರುತ್ತದಾ ಅಂತ ನೋಡಬೇಕಾದರೆ ಪ್ರಶ್ನೆ ಬಿ2 ಕೇಳಬೇಕು. ‘ನಿಮ್ಮ ಬಗ್ಗೆ ಹತ್ತು ವಾಕ್ಯ’ ಕೊಟ್ಟು ಬಿ2 ಹುಡುಕಿದರೆ ಸಿಗುವುದಿಲ್ಲ. ಚಿಕ್ಕ ಬಾವಿಯಲ್ಲಿ ಈಜುವುದನ್ನು ಹೇಗೆ ತೋರಿಸುತ್ತಾನೆ?

ಐಇಎಲ್‌ಟಿಎಸ್ ಬ್ಯಾಂಡ್ ಮತ್ತು ಈ ಮಟ್ಟಕ್ಕೆ ಏನು ಸಂಬಂಧ?

ಐಇಎಲ್‌ಟಿಎಸ್ ಅಂದರೆ ವಿದೇಶಕ್ಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆ, ಬ್ಯಾಂಡ್ ಅಂದರೆ ಅದರ ಅಂಕ. ಅದನ್ನು ನಡೆಸುವವರೇ ಕೊಡುವ ಹೋಲಿಕೆಯಲ್ಲಿ 4ರಿಂದ 5 ಅಂದರೆ ಬಿ1, 5.5ರಿಂದ 6.5 ಬಿ2, 7ರಿಂದ 8 ಸಿ1, 8.5ರಿಂದ ಮೇಲೆ ಸಿ2. ಅಂದರೆ ಬಹಳ ವಿಶ್ವವಿದ್ಯಾಲಯಗಳು ಕೇಳುವ 6.5 ಬಿ2ರ ಮೇಲ್ತುದಿ.

ವಿಶ್ವವಿದ್ಯಾಲಯಕ್ಕೆ ಹೋಗುವವರು ಬರೆಯುವ ‘ಅಕಾಡೆಮಿಕ್’ ಪರೀಕ್ಷೆಯ ಬರವಣಿಗೆಗೆ ಒಂದು ಗಂಟೆ. ಮೊದಲ ಭಾಗದಲ್ಲಿ ಗ್ರಾಫ್, ಟೇಬಲ್, ನಕ್ಷೆಯಂಥದ್ದನ್ನು ವಿವರಿಸಿ ಕನಿಷ್ಠ 150 ಪದ. ಎರಡನೆಯದರಲ್ಲಿ ಕನಿಷ್ಠ 250 ಪದದ ಪ್ರಬಂಧ. ಎರಡನೆಯದಕ್ಕೆ ಮೊದಲಿನ ಎರಡರಷ್ಟು ತೂಕ. ಆದರೂ ನಮ್ಮ ಹುಡುಗರು ಗ್ರಾಫಿನ ಮೇಲೇ ಅರ್ಧ ಗಂಟೆ ಕಳೆಯುತ್ತಾರೆ! 20 ನಿಮಿಷಕ್ಕೆ ಅದನ್ನು ಬಿಟ್ಟು ಏಳಿ. ನೋಡುವುದು ನಾಲ್ಕು: ಕೇಳಿದ್ದಕ್ಕೆ ಉತ್ತರ ಬಂತಾ, ಜೋಡಣೆ ಹೇಗಿದೆ, ಪದಗಳು, ವ್ಯಾಕರಣ. ನಾಲ್ಕಕ್ಕೂ ಸಮ ತೂಕ. ಬಾಯಿಪಾಠ ಕಂಡುಹಿಡಿಯಲು ಅಲ್ಲಿನ ಪರೀಕ್ಷಕರಿಗೆ ತರಬೇತಿ ಇದೆ.

ಟೋಫೆಲ್, ಪಿಟಿಇ?

ಇವೂ ಅಂಥವೇ ಇಂಗ್ಲಿಷ್ ಪರೀಕ್ಷೆಗಳು. ಟೋಫೆಲ್ 1964ರಿಂದ ಇದೆ, ಇಂಟರ್‌ನೆಟ್ ರೂಪ ಬಂದದ್ದು 2005ರಲ್ಲಿ. 2023ರಲ್ಲಿ ಹಳೆಯ ಅರ್ಧ ಗಂಟೆಯ ಪ್ರಬಂಧ ತೆಗೆದು, ಕ್ಲಾಸಿನ ಚರ್ಚೆಗೆ ಉತ್ತರಿಸುವ 10 ನಿಮಿಷದ ಬರಹ ತಂದರು. 2026ರ ಜನವರಿಯಿಂದ ಅಂಕವನ್ನು 1ರಿಂದ 6ರ ಅಳತೆಗೆ ತಂದು ಸಿಇಎಫ್‌ಆರ್‌ಗೆ ನೇರ ಹೊಂದಿಸಿದ್ದಾರೆ. ಹಳೆಯ ಪುಸ್ತಕ ಅಣ್ಣನಿಂದ ಇಸಿದುಕೊಂಡು ಓದುತ್ತಿದ್ದರೆ ಹುಷಾರು. ಪಿಟಿಇ ಅಂಕ 10ರಿಂದ 90, ತಿದ್ದುವುದು ಮುಖ್ಯವಾಗಿ ಕಂಪ್ಯೂಟರ್.

ಕಂಪ್ಯೂಟರ್ ಪ್ರಬಂಧ ತಿದ್ದುವುದನ್ನು ನಂಬಬಹುದಾ?

ಅದು ದಣಿಯುವುದಿಲ್ಲ, ಊಟ ಮಾಡಿ ತೂಕಡಿಸುವುದಿಲ್ಲ. ನನ್ನ 11–7ರ ಕಥೆ ಅದಕ್ಕೆ ಆಗುವುದಿಲ್ಲ. ಈ ಕನಸು ಹಳೆಯದೇ, 1966ರಲ್ಲೇ ಎಲ್ಲಿಸ್ ಪೇಜ್ ಎಂಬ ಅಮೆರಿಕನ್ ಇದನ್ನು ಶುರು ಮಾಡಿದ್ದ. ಆದರೆ ಅದು ಅರ್ಥ ನೋಡುತ್ತದಾ ಅನ್ನುವುದೇ ಪ್ರಶ್ನೆ. ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್ 2014ರಲ್ಲಿ ವಿದ್ಯಾರ್ಥಿಗಳ ಜೊತೆ ಒಂದು ತಂತ್ರಾಂಶ ಮಾಡಿದರು. ದೊಡ್ಡ ದೊಡ್ಡ ಪದ, ಉದ್ದ ಉದ್ದ ವಾಕ್ಯ, ಅರ್ಥ ಮಾತ್ರ ಸೊನ್ನೆ. ಆ ಅಸಂಬದ್ಧ ಪ್ರಬಂಧಗಳಿಗೆ ತಿದ್ದುವ ಯಂತ್ರಗಳು ಒಳ್ಳೆಯ ಅಂಕ ಕೊಟ್ಟವು. ದಿನನಿತ್ಯದ ಅಭ್ಯಾಸಕ್ಕೆ ಯಂತ್ರ ಬಳಸಿ, ಪಾಸು ಫೇಲು ಅದರ ಕೈಗೆ ಒಂಟಿಯಾಗಿ ಕೊಡಬೇಡಿ.

ವಿದ್ಯಾರ್ಥಿ ಎಐನಿಂದ ಬರೆಸಿಕೊಂಡು ಬಂದರೆ? ಹಿಡಿಯುವ ಸಾಫ್ಟ್‌ವೇರ್ ಇದೆಯಂತಲ್ಲಾ?

ಇದೆ, ಆದರೆ ಅದರ ಮಾತು ಕೇಳಿ ಯಾರನ್ನೂ ನಿಲ್ಲಿಸಿ ಬೈಯಬೇಡಿ. 2023ರಲ್ಲಿ ಸ್ಟ್ಯಾನ್‌ಫರ್ಡಿನ ಸಂಶೋಧಕರು ಇಂಥ ಏಳು ಸಾಫ್ಟ್‌ವೇರ್ ತೆಗೆದುಕೊಂಡು 91 ಟೋಫೆಲ್ ಪ್ರಬಂಧ ಕೊಟ್ಟು ನೋಡಿದರು. ಎಲ್ಲವೂ ಮನುಷ್ಯರೇ, ಇಂಗ್ಲಿಷ್ ತಾಯ್ನುಡಿ ಅಲ್ಲದವರು ಬರೆದವು. ಸರಾಸರಿ ನೂರಕ್ಕೆ 61ನ್ನು ‘ಎಐ ಬರೆದದ್ದು’ ಅಂದವು! ಪದಗಳ ಬಳಕೆ ಸರಳವಾಗಿದ್ದದ್ದೇ ಅಪರಾಧ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನದೇ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ ಅದೇ ವರ್ಷ ಜುಲೈನಲ್ಲಿ ಮುಚ್ಚಿತು. ನಮ್ಮ ಹುಡುಗರು ಬರೆಯುವುದೂ ಸರಳ ಪದಗಳಲ್ಲೇ ಅಲ್ವಾ? ಮಟ್ಟ ಕೊಡಬೇಕಿದ್ದರೆ ನಿಮ್ಮ ಕಣ್ಣೆದುರು, ಪೆನ್ನು ಪೇಪರ್ ಕೊಟ್ಟು ಬರೆಸಿ.

ಬಿ1ನಲ್ಲಿರುವವನು ಬಿ2ಗೆ ಬರಲು ಎಷ್ಟು ದಿನ ಬೇಕು?

ಕೇಂಬ್ರಿಡ್ಜ್ ಪರೀಕ್ಷೆಯವರು ಕೊಡುವ ಅಂದಾಜು: ಶುರುವಿನಿಂದ ಬಿ1ಗೆ 350–400 ಗಂಟೆ ಪಾಠ, ಬಿ2ಗೆ 500–600. ಅಂದರೆ ನಡುವೆ ಇನ್ನೂರು ಗಂಟೆಯಷ್ಟು. ನಮ್ಮಲ್ಲಿ ವಾರಕ್ಕೆ ನಾಲ್ಕು ಗಂಟೆ, ಸೆಮಿಸ್ಟರಿಗೆ ಹದಿನೈದು ವಾರ ಅಂದರೆ 60 ಗಂಟೆ. ಅದರಲ್ಲಿ ರಜೆ, ಫೆಸ್ಟ್, ಇಂಟರ್ನಲ್ಸ್ ಕಳೆಯಿರಿ. ‘30 ದಿನದಲ್ಲಿ ಬಿ2’ ಅಂತ ಬೋರ್ಡ್ ಹಾಕಿದ ಕೋಚಿಂಗ್ ಸೆಂಟರಿನ ಮುಂದೆ ನಿಂತಾಗ ಈ ಲೆಕ್ಕ ನೆನಪಿರಲಿ.

ನಾನು ಕನ್ನಡ ಮೀಡಿಯಂ. ನನಗೆ ಆಗುತ್ತಾ?

ಆಗುತ್ತದೆ. ನಾನೂ ಏಳನೇ ಕ್ಲಾಸಿನವರೆಗೆ ಕನ್ನಡವೇ. ಕನ್ನಡದಲ್ಲಿ ಒಂದು ವಾದವನ್ನು ಅಚ್ಚುಕಟ್ಟಾಗಿ ಬರೆಯಬಲ್ಲವರಿಗೆ ಜೋಡಣೆಯ ಕಷ್ಟ ಅರ್ಧ ಮುಗಿದ ಹಾಗೆ. ಅದು ಭಾಷೆ ಬದಲಾದರೂ ಜೊತೆಗೆ ಬರುತ್ತದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಪಟಪಟ ಮಾತಾಡುವ ಹುಡುಗರು ಬರೆಯಲು ಕೂತಾಗ ಒಂದು ಪ್ಯಾರಾ ಎಲ್ಲಿ ಮುಗಿಸಬೇಕು ಅಂತ ಗೊತ್ತಿಲ್ಲದೆ ಒದ್ದಾಡುವುದನ್ನೂ ನೋಡಿದ್ದೇನೆ.

ಸಮಾಧಾನಕ್ಕೆ ಒಂದು ಸಂಗತಿ. ಕೇಂಬ್ರಿಡ್ಜಿನವರು ತಮ್ಮ ಪ್ರೊಫಿಶಿಯೆನ್ಸಿ ಪರೀಕ್ಷೆಯನ್ನು ಮೊದಲ ಸಲ ನಡೆಸಿದ್ದು 1913ರಲ್ಲಿ. ಬರೆದವರು ಮೂರೇ ಜನ. ಮೂವರೂ ಫೇಲ್.

ಮಟ್ಟ ಗೊತ್ತಾದ ಮೇಲೆ ವಿದ್ಯಾರ್ಥಿಗೆ ಹೇಗೆ ಹೇಳಬೇಕು?

‘ನೀನು ಎ2’ ಅಂತ ಹಣೆಗೆ ಚೀಟಿ ಅಂಟಿಸಬೇಡಿ. ಈ ಬರಹದಲ್ಲಿ ಇದು ಬಂದಿದೆ, ಇದು ಇನ್ನೂ ಬರಬೇಕು ಅನ್ನಿ. ಒಂದು ಸಲಕ್ಕೆ ಒಂದೇ ಕೆಲಸ ಕೊಡಿ. ಹದಿನೇಳು ತಪ್ಪಿಗೆ ಗೆರೆ ಎಳೆದರೆ ಹಾಳೆ ಕೆಂಪಾಗುತ್ತದೆ ಅಷ್ಟೇ.

ಬಸ್ಸಿನ ಪತ್ರದ ಕೆಳಗೆ ನಾನು ಪೆನ್ಸಿಲಿನಲ್ಲಿ ಎರಡು ಸಾಲು ಬರೆದೆ. ‘ಡ್ರೈವರ್ ಏನಂದ ಅನ್ನುವುದು ತುಂಬಾ ಚೆನ್ನಾಗಿದೆ, ಪ್ರಿನ್ಸಿಪಾಲರಿಗೆ ಬೇಕಾದ ಮಾಹಿತಿಯೇ ಅದು. ಆದರೆ ಬರುತ್ತೇನೆ ಅಂದದ್ದು ಅವನು, ನೀನಲ್ಲ. ಆ ಒಂದು ವಾಕ್ಯ ತಿದ್ದಿಕೊಂಡು ಬಾ.’ ಮೂರನೇ ದಿನ ತಂದಳು: ‘ದ ಡ್ರೈವರ್ ಸೆಡ್ ದಟ್ ಹೀ ವುಡ್ ಕಮ್ ಅರ್ಲಿ, ಬಟ್ ದ ಡಿಪೋ ಡಿಡ್ ನಾಟ್ ಅಲೋ ಹಿಮ್.’ ಜೊತೆಗೆ ನಾನು ಹೇಳದಿದ್ದ ‘ಮೀನ್ಸ್’ ಕೂಡ ತಾನೇ ತೆಗೆದಿದ್ದಳು. ಪಕ್ಕದ ಮೇಡಂಗೆ ತೋರಿಸಿದೆ. ಈ ಸಲ ಅವರೂ ಬಿ1 ಅಂದರು.

ಪತ್ರವನ್ನು ಪ್ರಿನ್ಸಿಪಾಲರಿಗೆ ನಿಜವಾಗಿಯೂ ಕೊಟ್ಟೆವು. ಬಸ್ ಇನ್ನೂ ಒಂಬತ್ತೂವರೆಗೇ ಬರುತ್ತಿದೆ.